ಸಿಂಗಾಪುರದಲ್ಲಿ ಮನೆಯಲ್ಲೇ ಇರುವ ಹೆಲ್ಪರ್: ಕರೆಸುವುದರಿಂದ ಕಳಿಸಿಕೊಡುವವರೆಗೆ

ಊರಲ್ಲಿ ಕೆಲಸದವರು ಬೆಳಿಗ್ಗೆ ಬಂದು ಪಾತ್ರೆ ತೊಳೆದು, ಕಸ ಗುಡಿಸಿ, ನೆಲ ಒರೆಸಿ ಗಂಟೆಯೊಳಗೆ ಹೊರಟುಬಿಡುತ್ತಾರೆ. ಸಿಂಗಾಪುರದ ಹೆಲ್ಪರ್ ಲೆಕ್ಕ ಬೇರೆ. ಅವಳು ಮಲಗುವುದು ನಿಮ್ಮ ಮನೆಯಲ್ಲಿ, ಊಟ ನಿಮ್ಮ ಅಡುಗೆಮನೆಯಲ್ಲಿ. ಗಂಡ ಹೆಂಡತಿ ರಾತ್ರಿ ಜಗಳವಾಡಿದರೂ ಅವಳಿಗೆ ಕೇಳಿಸುತ್ತದೆ. ಹೊಸದಾಗಿ ಬಂದ ನಮ್ಮ ಕುಟುಂಬಗಳು ಸಾಮಾನ್ಯವಾಗಿ ಎಡವುವುದು "ನಾವು ಮನೆಯವಳ ಹಾಗೇ ನೋಡ್ಕೊಳ್ತೀವಿ" ಅನ್ನುವ ಮಾತಿನಲ್ಲಿ. ಮನಸ್ಸು ಒಳ್ಳೆಯದೇ, ಸಂಶಯವಿಲ್ಲ. ಆದರೆ ಮನೆಯವರಿಗೆ ಕೆಲಸ ಮುಗಿಯುವ ಹೊತ್ತು ಅಂತ ಇರುವುದಿಲ್ಲ, ವಾರದ ರಜೆ ಇರುವುದಿಲ್ಲ, ಸಂಬಳಕ್ಕೆ ಸಹಿ ಇರುವುದಿಲ್ಲ. ಅವಳಿಗೆ ಇವೆಲ್ಲ ಇರಬೇಕು. ನಿಮ್ಮ ಮನೆಯಲ್ಲಿ ವಾಸಿಸುವ ಉದ್ಯೋಗಿ ಎಂದುಕೊಂಡು ಶುರುಮಾಡಿದರೆ ಉಳಿದದ್ದು ಒಂದೊಂದಾಗಿ ಸರಿಹೋಗುತ್ತದೆ.

ಮೊದಲು ಲೆಕ್ಕ

ವಾರಕ್ಕೆ ಒಂದೆರಡು ಸಲ ಮನೆ ಸ್ವಚ್ಛವಾದರೆ ಸಾಕು ಅನ್ನುವವರಿಗೆ ಮನೆಯಲ್ಲೇ ಇರುವ ಹೆಲ್ಪರ್ ಬೇಕಾಗಿಲ್ಲ. ಹೌಸ್‌ಹೋಲ್ಡ್ ಸರ್ವಿಸಸ್ ಸ್ಕೀಮ್ ಅಡಿ ನೋಂದಾಯಿತವಾದ ಕಂಪನಿಗಳು ಗಂಟೆ ಲೆಕ್ಕದಲ್ಲಿ ಜನರನ್ನು ಕಳಿಸುತ್ತವೆ. ಪಕ್ಕದ ಮನೆಯ ಹೆಲ್ಪರ್‌ಗೆ ಇಪ್ಪತ್ತು ಸಿಂಗಾಪುರ ಡಾಲರ್ ಕೊಟ್ಟು ಶನಿವಾರ ಕರೆಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ವರ್ಕ್ ಪರ್ಮಿಟ್‌ನಲ್ಲಿರುವ ವಿಳಾಸದಲ್ಲಿ, ಆ ಮಾಲೀಕರಿಗಷ್ಟೇ ಅವಳು ಕೆಲಸ ಮಾಡಬಹುದು. ಪರ್ಮಿಟ್ ಇಲ್ಲದೆ ಕೆಲಸಕ್ಕಿಟ್ಟುಕೊಂಡವರಿಗೆ 5,000ದಿಂದ 30,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ ಆಗಬಹುದು. ಗೌರಿ ಹಬ್ಬಕ್ಕೆ ಗೆಳತಿಯ ಮನೆಗೆ "ಒಂದು ದಿನ ಕಳಿಸಿಕೊಡು" ಅನ್ನುವುದೂ ಇದೇ ಸಾಲಿಗೆ ಸೇರುತ್ತದೆ. ತುಂಬಾ ಮನೆಗಳಲ್ಲಿ ಇದು ಗೊತ್ತಿಲ್ಲದೆಯೇ ನಡೆಯುತ್ತಿರುತ್ತದೆ.

ಖರ್ಚನ್ನು ಸಂಬಳವೊಂದರಿಂದಲೇ ಅಳೆಯಬೇಡಿ. ಮ್ಯಾನ್‌ಪವರ್ ಸಚಿವಾಲಯ, ಅಂದರೆ ಎಲ್ಲರೂ ಕರೆಯುವ ಎಂಒಎಂ, ಹೆಲ್ಪರ್ ಒಬ್ಬಳಿಗೆ ತಿಂಗಳಿಗೆ 300 ಡಾಲರ್ ಲೆವಿ ಹಾಕುತ್ತದೆ. ಇದು ಸರ್ಕಾರಕ್ಕೆ ಹೋಗುವ ದುಡ್ಡು, ಅವಳ ಕೈಗಲ್ಲ. ಮನೆಯಲ್ಲಿ ಸಿಂಗಾಪುರ ಪ್ರಜೆಯಾದ 16 ವರ್ಷದೊಳಗಿನ ಮಗು ಇದ್ದರೆ, ಅಥವಾ 67 ತುಂಬಿದ ಹಿರಿಯರೋ ಅಂಗವೈಕಲ್ಯ ಇರುವವರೋ ಇದ್ದು ನಿಯಮಕ್ಕೆ ಹೊಂದಿದರೆ ಲೆವಿ 60 ಡಾಲರ್‌ಗೆ ಇಳಿಯುತ್ತದೆ. ಎಂಪ್ಲಾಯ್‌ಮೆಂಟ್ ಪಾಸ್‌ನಲ್ಲಿ, ಅಂದರೆ ವಿದೇಶಿ ವೃತ್ತಿಪರರ ಕೆಲಸದ ಪರವಾನಗಿಯಲ್ಲಿ, ಬಂದವರು 300 ಅಂತಲೇ ಬರೆದುಕೊಳ್ಳಿ. ಸಂಬಳ 650 ಡಾಲರ್ ಅಂದುಕೊಂಡರೆ ವರ್ಷಕ್ಕೆ ಸಂಬಳ 7,800, ಲೆವಿ 3,600, ಒಟ್ಟು 11,400. ಇದರ ಮೇಲೆ ಊಟ, ವಿಮೆ, ಆರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ, ಏಜೆನ್ಸಿ ಶುಲ್ಕ, ಊರಿಗೆ ಹೋಗುವ ಟಿಕೆಟ್. ಎಂಒಎಂ ಕನಿಷ್ಠ ಸಂಬಳ ಅಂತ ನಿಗದಿ ಮಾಡಿಲ್ಲ. ಅವರವರ ದೇಶದ ರಾಯಭಾರ ಕಚೇರಿಗಳು ಮಾಡಿವೆ, ಅದಕ್ಕಿಂತ ಕಡಿಮೆಗೆ ಒಪ್ಪಿಸಲು ಹೋದರೆ ಕಾಗದಪತ್ರದಲ್ಲೇ ಸಿಕ್ಕಿಬೀಳುತ್ತದೆ.

ಮಲೇಷ್ಯಾದವರನ್ನು ಬಿಟ್ಟು ಉಳಿದ ಹೆಲ್ಪರ್‌ಗಳಿಗೆ 5,000 ಡಾಲರ್ ಸೆಕ್ಯುರಿಟಿ ಬಾಂಡ್ ಬೇಕು, ಅಂದರೆ ಷರತ್ತು ತಪ್ಪಿದರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದಾದ ಖಾತರಿ ಮೊತ್ತ. ಅಷ್ಟು ನಗದು ಯಾರೂ ಇಡುವುದಿಲ್ಲ, ವಿಮಾ ಕಂಪನಿ ಖಾತರಿ ಕೊಡುತ್ತದೆ. ಅದೇ ಕಂಪನಿಯಲ್ಲಿ ವೈದ್ಯಕೀಯ ವಿಮೆಯನ್ನೂ ಮಾಡಿಸುತ್ತಾರೆ. 2023ರ ಜುಲೈನಿಂದ ವರ್ಷಕ್ಕೆ ಕನಿಷ್ಠ 60,000 ಡಾಲರ್ ರಕ್ಷಣೆ ಇರಲೇಬೇಕು. ಇಲ್ಲಿ ಒಂದು ಸಣ್ಣ ಅಕ್ಷರದ ವಿಷಯ: ಮೊದಲ 15,000 ಡಾಲರ್ ದಾಟಿದ ಬಿಲ್ಲಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾಲೀಕರದ್ದು. 35,000 ಬಿಲ್ ಬಂದರೆ ಮೇಲಿನ 20,000ದಲ್ಲಿ 5,000 ನಿಮ್ಮ ಜೇಬಿನಿಂದ. ಈ ಪಾಲನ್ನೂ ಹೊರುವ ಪಾಲಿಸಿ ಸಿಗುತ್ತದಾ ಎಂದು ವಿಚಾರಿಸಿ, ವ್ಯತ್ಯಾಸದ ಮೊತ್ತ ದೊಡ್ಡದಲ್ಲದಿದ್ದರೆ ಅದನ್ನೇ ತೆಗೆದುಕೊಳ್ಳಿ. ಜ್ವರ, ನೆಗಡಿ, ಹಲ್ಲುನೋವಿಗೆ ಕ್ಲಿನಿಕ್ಕಿಗೆ ಹೋದ ಖರ್ಚೂ ನಿಮ್ಮದೇ. ಸಂಬಳದಲ್ಲಿ ಹಿಡಿಯುವ ಹಾಗಿಲ್ಲ.

ಆರಿಸುವಾಗ

ಮೊದಲ ಸಲ ಹೆಲ್ಪರ್ ಇಟ್ಟುಕೊಳ್ಳುವವರು ಅರ್ಜಿ ಹಾಕುವ ಮೊದಲು ಎಂಪ್ಲಾಯರ್ಸ್ ಓರಿಯಂಟೇಷನ್ ಪ್ರೋಗ್ರಾಮ್ ಮುಗಿಸಿರಬೇಕು. ಮೂರು ಗಂಟೆಯದು, ಆನ್‌ಲೈನ್‌ನಲ್ಲೂ ಇದೆ. ಹಿನ್ನೆಲೆಯಲ್ಲಿ ಓಡಲು ಬಿಟ್ಟು ಬೇರೆ ಕೆಲಸ ಮಾಡಬೇಡಿ, ಗಂಡ ಹೆಂಡತಿ ಇಬ್ಬರೂ ಕೂತು ನೋಡಿ. ನಿಯಮ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದಾಗಲೇ ತಪ್ಪುಗಳಾಗುವುದು.

ಅರ್ಜಿ ಹಾಕುವಾಗ ಹೆಲ್ಪರ್‌ಗೆ 23ರಿಂದ 50 ವರ್ಷ ಇರಬೇಕು, ಕನಿಷ್ಠ 8 ವರ್ಷ ಶಾಲೆ ಓದಿರಬೇಕು, ಒಪ್ಪಿಗೆಯಿರುವ ದೇಶದವಳಾಗಿರಬೇಕು. ಭಾರತವೂ ಆ ಪಟ್ಟಿಯಲ್ಲಿದೆ. ಆದರೂ ಏಜೆನ್ಸಿಗಳಲ್ಲಿ ಹೆಚ್ಚಾಗಿ ಕಾಣುವುದು ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಮ್ಯಾನ್ಮಾರ್‌ನ ಬಯೋಡೇಟಾಗಳೇ. "ಟ್ರಾನ್ಸ್‌ಫರ್" ಅಂದರೆ ಇಲ್ಲೇ ಇನ್ನೊಂದು ಮನೆಯಲ್ಲಿದ್ದು ಬದಲಾಯಿಸುತ್ತಿರುವವಳು, "ಫ್ರೆಶ್" ಅಂದರೆ ಮೊದಲ ಸಲ ವಿಮಾನ ಹತ್ತುವವಳು. ಮನೆಯಲ್ಲಿ ಕೈಗೂಸು ಇದ್ದು, ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಸ್ವಲ್ಪ ಹೆಚ್ಚು ಸಂಬಳವಾದರೂ ಟ್ರಾನ್ಸ್‌ಫರ್ ವಾಸಿ. ಲಿಫ್ಟ್, ಎಂಆರ್‌ಟಿ (ಇಲ್ಲಿನ ಮೆಟ್ರೊ), ವಾಷಿಂಗ್ ಮಷಿನ್ ಯಾವುದನ್ನೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಹಳೆಯ ಮನೆ ಬಿಟ್ಟ ಕಾರಣ ಕೇಳಿ, ಆದರೆ ಉತ್ತರವನ್ನು ತೀರ್ಪಿನಂತೆ ತೆಗೆದುಕೊಳ್ಳಬೇಡಿ. "ಅಲ್ಲಿ ತುಂಬಾ ಜನ ಇದ್ದರು" ಅಂದರೆ ನಿದ್ದೆ ಸಾಲುತ್ತಿರಲಿಲ್ಲ ಎಂದಿರಬಹುದು.

ವಿಡಿಯೊ ಸಂದರ್ಶನದಲ್ಲಿ "ಅಡುಗೆ ಬರುತ್ತಾ?" ಎಂದರೆ "ಯೆಸ್ ಮ್ಯಾಡಮ್" ಎಂದೇ ಉತ್ತರ ಬರುತ್ತದೆ, ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. "ಹೋದ ಮನೆಯಲ್ಲಿ ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡುತ್ತಿದ್ದೆ, ಒಂದೊಂದಾಗಿ ಹೇಳು" ಅನ್ನಿ. "ಮಗುವಿಗೆ ಜ್ವರ ಬಂದು ನಾನು ಫೋನ್ ಎತ್ತದಿದ್ದರೆ ಏನು ಮಾಡ್ತೀಯ?" ಅನ್ನಿ. ನಿಮ್ಮ ಮನೆಯ ಕಷ್ಟದ ಸಂಗತಿಗಳನ್ನು ಅಲ್ಲಿಯೇ ಹೇಳಿಬಿಡಿ: ನಾವು ಸಸ್ಯಾಹಾರಿಗಳು, ಅಜ್ಜಿಯನ್ನು ಹಿಡಿದು ಎಬ್ಬಿಸಬೇಕು, ನಾಯಿ ಇದೆ, ನಿನಗೆ ಬೇರೆ ಕೋಣೆ ಇಲ್ಲ. ನಾಯಿಯನ್ನು ಮುಟ್ಟಲು ಹಿಂಜರಿಯುವ ಮುಸ್ಲಿಂ ಹೆಣ್ಣುಮಗಳು ಬಂದ ಮೂರನೇ ದಿನ ಅಳುವುದಕ್ಕಿಂತ ಸಂದರ್ಶನದಲ್ಲೇ "ಬೇಡ" ಎನ್ನುವುದು ಇಬ್ಬರಿಗೂ ಲಾಭ.

ಸಾಲದ ವಿಷಯ ಬಿಡಿಸಿ ಕೇಳಿ. ಇಲ್ಲಿನ ಏಜೆನ್ಸಿ ಅವಳಿಂದ ವರ್ಷದ ಒಪ್ಪಂದಕ್ಕೆ ಒಂದು ತಿಂಗಳ ಸಂಬಳದಂತೆ, ಹೆಚ್ಚೆಂದರೆ ಎರಡು ತಿಂಗಳ ಸಂಬಳದಷ್ಟು ಶುಲ್ಕ ಪಡೆಯಬಹುದು. ಅವಳ ಊರಿನಲ್ಲಿ ಆದ ತರಬೇತಿ, ಪಾಸ್‌ಪೋರ್ಟ್ ಖರ್ಚು ಇದರ ಹೊರಗೆ ಸಾಲವಾಗಿ ಸೇರಿಕೊಂಡಿರುತ್ತದೆ. ನೀವು ಮುಂಗಡ ಕಟ್ಟುತ್ತೀರಿ, ಅವಳ ಸಂಬಳದಲ್ಲಿ ಕಂತಾಗಿ ಹಿಡಿಯುತ್ತೀರಿ. ಮೊದಲ ಕೆಲವು ತಿಂಗಳು ಅವಳ ಕೈಗೆ ಬರುವುದು ಚಿಲ್ಲರೆ ದುಡ್ಡು ಮಾತ್ರ, ಅತ್ತ ಊರಿನಿಂದ ದಿನಾ ಫೋನ್. ಅವಳು ಮಂಕಾಗಿರುವುದಕ್ಕೆ ಸೋಮಾರಿತನಕ್ಕಿಂತ ಇದೇ ಕಾರಣವಾಗಿರುವುದು ಹೆಚ್ಚು. ಕಂತು ಚಿಕ್ಕದು ಮಾಡಿ, ತಿಂಗಳು ಎರಡು ಹೆಚ್ಚಾದರೂ ಸರಿ.

ಅವಳು ಬರುವ ಮೊದಲು ಮನೆ

ಮಲಗುವ ಜಾಗಕ್ಕೆ ಗಾಳಿ, ಮರೆ, ಹಾಸಿಗೆ, ದಿಂಬು, ಹೊದಿಕೆ ಬೇಕು. ವಯಸ್ಸಿಗೆ ಬಂದ ಗಂಡುಮಕ್ಕಳಿರುವ ಕೋಣೆಯಲ್ಲಿ ಮಲಗಿಸುವಂತಿಲ್ಲ. ಎಚ್‌ಡಿಬಿ ಫ್ಲಾಟ್‌ಗಳ, ಅಂದರೆ ಸರ್ಕಾರ ಕಟ್ಟಿಸಿದ ವಸತಿ ಬ್ಲಾಕ್‌ಗಳ, ಹೌಸ್‌ಹೋಲ್ಡ್ ಶೆಲ್ಟರ್, ಅಂದರೆ ದಪ್ಪ ಉಕ್ಕಿನ ಬಾಗಿಲಿನ ಆ ಪುಟ್ಟ ಕೋಣೆಯನ್ನೇ ಹೆಚ್ಚಿನ ಮನೆಗಳಲ್ಲಿ ಕೊಡುತ್ತಾರೆ. ಕೊಡುವುದಾದರೆ ಅಲ್ಲಿನ ಅಕ್ಕಿಮೂಟೆ, ಸೂಟ್‌ಕೇಸ್ ಎಲ್ಲ ತೆಗೆಯಿರಿ, ಫ್ಯಾನ್ ಇಡಿ. ಉಕ್ಕಿನ ಬಾಗಿಲು ಮುಚ್ಚಿದರೆ ಗಾಳಿ ಸಾಲದು, ತೆರೆದರೆ ಮರೆ ಇರದು. ಅದಕ್ಕೇ ಬಾಗಿಲ ಚೌಕಟ್ಟಿಗೆ ದಪ್ಪ ಪರದೆ ಹಾಕಿ. ಗೋಡೆಗೆ ಮೊಳೆ ಹೊಡೆಯಬೇಡಿ, ಒತ್ತಿ ನಿಲ್ಲುವ ಕಂಬಿ ಸಾಕು. ಬೀಗವಿರುವ ಒಂದು ಡ್ರಾಯರ್ ಅವಳದ್ದಾಗಿರಲಿ. ಪಾಸ್‌ಪೋರ್ಟ್, ವರ್ಕ್ ಪರ್ಮಿಟ್ ಕಾರ್ಡ್ ಅದರಲ್ಲಿ ಅವಳ ಬಳಿಯೇ ಇರಬೇಕು. "ಸುರಕ್ಷಿತವಾಗಿರಲಿ" ಎಂದು ಪಾಸ್‌ಪೋರ್ಟ್ ನೀವಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ಕ್ಯಾಮೆರಾ ಹಾಕುವವರು ಎಲ್ಲೆಲ್ಲಿದೆ ಎಂದು ಅವಳಿಗೆ ತೋರಿಸಬೇಕು. ಅವಳು ಮಲಗುವ, ಬಟ್ಟೆ ಬದಲಿಸುವ ಜಾಗ ಮತ್ತು ಬಚ್ಚಲಿಗೆ ತಿರುಗಿರಬಾರದು. ಹಾಲ್‌ನಲ್ಲಿ ಮಲಗುತ್ತಾಳೆ ಎಂದಾದರೆ ಹಾಲ್ ಕ್ಯಾಮೆರಾ ತೆಗೆಯಲೇಬೇಕು.

ಇನ್ನು ಕಿಟಕಿ. ಇದರಲ್ಲಿ ಸಡಿಲ ಬಿಡಬೇಡಿ, ಪ್ರಾಣದ ಪ್ರಶ್ನೆ. ಕಿಟಕಿಯ ಹೊರಮೈ ಒರೆಸಬೇಕಾದರೆ ಗ್ರಿಲ್ ಇರಬೇಕು, ಒರೆಸುವಷ್ಟು ಹೊತ್ತೂ ಅದಕ್ಕೆ ಬೀಗ ಹಾಕಿರಬೇಕು, ನೀವೋ ಮನೆಯ ಇನ್ನೊಬ್ಬ ದೊಡ್ಡವರೋ ಪಕ್ಕದಲ್ಲಿ ನಿಂತಿರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಹೊರಮೈ ಕೊಳೆಯಾಗಿಯೇ ಇರಲಿ. ನೆಲಮಹಡಿ ಮತ್ತು ಕಾರಿಡಾರಿನ ಕಡೆಯ ಕಿಟಕಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಬಟ್ಟೆ ಒಣಗಿಸುವ ಹೊರಗಿನ ಕೋಲೂ ಇಷ್ಟೇ ಅಪಾಯ. ನೆನೆದ ಬೆಡ್‌ಶೀಟ್ ಹಾಕಿದ ಕೋಲನ್ನು ಹೊರಚಾಚಿದಾಗ ಭಾರವೆಲ್ಲ ತುದಿಗೆ ಹೋಗಿ ಹಿಡಿದವಳನ್ನೇ ಎಳೆಯುತ್ತದೆ. ಬೀಳುವ ಬಟ್ಟೆ ಹಿಡಿಯಲು ಬಗ್ಗುವುದು ಯೋಚನೆಗೂ ಮುಂಚೆ ಆಗಿಬಿಡುತ್ತದೆ. ಹೊದಿಕೆ, ಬೆಡ್‌ಶೀಟ್ ಒಳಗಿನ ಸ್ಟ್ಯಾಂಡಿನಲ್ಲೇ ಒಣಗಲಿ. ಕಿಟಕಿಯ ಹತ್ತಿರ ಸ್ಟೂಲ್ ಇಡಲೇಬೇಡಿ, ಮೊದಲ ದಿನವೇ "ಬಟ್ಟೆ ಬಿದ್ದರೆ ಬೀಳಲಿ" ಎಂದು ಹೇಳಿ.

ಮೊದಲ ಎರಡು ವಾರ

ಕಾಗದದ ಕೆಲಸ ಬೇಗ ಮುಗಿಸಿ. ಬಂದ ಎರಡು ವಾರದೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು. ಮೊದಲ ಸಲ ಬಂದವಳಾದರೆ ಸೆಟ್ಲಿಂಗ್ ಇನ್ ಪ್ರೋಗ್ರಾಮ್ ಎಂಬ ಒಂದು ದಿನದ ತರಗತಿಯೂ ಇದೆ, ಅದರ ಗಡುವು ಇನ್ನೂ ಬೇಗ. ಊರಿಗೆ ಫೋನ್ ಮಾಡಲು ಸಿಮ್ ಅಥವಾ ವೈಫೈ ಮೊದಲ ಸಂಜೆಯೇ ಕೊಡಿ.

ಮನೆಯಲ್ಲಿ ನಾಲ್ಕು ದೊಡ್ಡವರಿದ್ದರೂ ಕೆಲಸ ಹೇಳುವವರು ಒಬ್ಬರೇ ಇರಲಿ. ಬೆಳಿಗ್ಗೆ ಮಾಲೀಕಳು "ಬಟ್ಟೆ ಮೊದಲು" ಅನ್ನುತ್ತಾಳೆ, ಊರಿಂದ ಬಂದ ಅತ್ತೆ "ಮೊದಲು ತರಕಾರಿ ಹೆಚ್ಚು" ಅನ್ನುತ್ತಾರೆ, ಮಾವನವರಿಗೆ ಅದೇ ಹೊತ್ತಿಗೆ ಕಾಫಿ. ಹೆಲ್ಪರ್ ಮೂರನ್ನೂ ಅರ್ಧಂಬರ್ಧ ಮಾಡಿ ಮೂವರಿಂದಲೂ ಬೈಸಿಕೊಳ್ಳುತ್ತಾಳೆ. ಫ್ರಿಜ್ ಬಾಗಿಲಿಗೆ ಒಂದು ಬೋರ್ಡ್ ಅಂಟಿಸಿ, ಬೋರ್ಡಿನಲ್ಲಿದ್ದದ್ದೇ ಅವತ್ತಿನ ಕೆಲಸ. ಅತ್ತೆಗೆ ಏನಾದರೂ ಬೇಕಿದ್ದರೆ ಅದನ್ನೂ ಬೋರ್ಡಿನಲ್ಲೇ ಬರೆಯಲಿ. ಅವರು ಹೊರಡುವ ಮೊದಲೇ, ಅಂದರೆ ಬೆಂಗಳೂರಿನಿಂದ ವಿಮಾನ ಹತ್ತುವ ಮುಂಚೆ, ಇದನ್ನು ಮಗನೇ ತನ್ನ ಅಮ್ಮನಿಗೆ ಹೇಳಬೇಕು. ಸೊಸೆ ಹೇಳಿದರೆ ಅದು ಬೇರೆಯದೇ ಜಗಳವಾಗುತ್ತದೆ.

ಎಲ್ಲವನ್ನೂ ಮೊದಲ ದಿನವೇ ಸುರಿಯಬೇಡಿ. ಮೊದಲ ಮೂರು ದಿನ ಮಕ್ಕಳ ಸುರಕ್ಷತೆ, ಗ್ಯಾಸ್, ಬೀಗ, ಲಿಫ್ಟ್. ಆಮೇಲೆ ಸ್ವಚ್ಛತೆ. ಎರಡನೇ ವಾರ ಅಡುಗೆ. ಪ್ರತಿ ಕೆಲಸವನ್ನೂ ಮೂರು ಸಲ ಮಾಡಿಸಿ: ಮೊದಲು ನೀವು ಮಾಡಿ ತೋರಿಸಿ, ಆಮೇಲೆ ಇಬ್ಬರೂ ಸೇರಿ, ಮೂರನೇ ಸಲ ಅವಳು ಮಾಡಲಿ, ನೀವು ಕೈಕಟ್ಟಿ ನೋಡಿ. ಬಚ್ಚಲಿಗೆ ಒಂದು ಬಣ್ಣದ ಬಟ್ಟೆ, ಅಡುಗೆಕಟ್ಟೆಗೆ ಇನ್ನೊಂದು, ದೇವರ ಮುಂದೆ ಒರೆಸಲು ಮತ್ತೊಂದು, ಹೀಗೆ ಬಣ್ಣ ನಿಗದಿಪಡಿಸಿದರೆ ಭಾಷೆಯೇ ಬೇಡ. ಬ್ಲೀಚ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬಾರದು, ಬೆರೆತರೆ ವಿಷಗಾಳಿ ಬರುತ್ತದೆ. ಎರಡನ್ನೂ ಮನೆಯಲ್ಲಿಡದೆ ಒಂದನ್ನೇ ಇಡಿ.

"ಅರ್ಥ ಆಯ್ತಾ?" ಎಂದು ಕೇಳಬೇಡಿ. "ಯೆಸ್ ಮ್ಯಾಡಮ್" ಎಂದರೆ "ಕೇಳಿಸಿತು" ಅಂತಷ್ಟೇ. ನಮ್ಮ "ಆಯ್ತು" ಕೂಡ ಹಾಗೆಯೇ ಅಲ್ಲವೇ, ಮಾಡಿ ಮುಗಿಸಿದೆ ಅಂತಲೂ ಹೌದು, ಮಾಡುತ್ತೇನೆ ಅಂತಲೂ ಹೌದು. ಇಂಡೋನೇಷ್ಯಾದವಳಾದರೆ ಎರಡು ಪದ ಕಲಿಯಿರಿ: "ಸುದಾಹ್" ಅಂದರೆ ಮುಗಿದಿದೆ, "ಬೆಲುಮ್" ಅಂದರೆ ಇನ್ನೂ ಇಲ್ಲ. "ಗ್ಯಾಸ್ ಆಫ್, ಸುದಾಹ್ ಅಥವಾ ಬೆಲುಮ್?" ಎಂದರೆ ತಡವರಿಸದೆ ನಿಜವಾದ ಉತ್ತರ ಬರುತ್ತದೆ.

ಅಡುಗೆಮನೆ

ನಮ್ಮವರ ಮನೆಗಳಲ್ಲಿ ಹೆಚ್ಚು ಕಣ್ಣೀರು ಬರುವುದು ಇಲ್ಲಿ, ಅದೂ ಈರುಳ್ಳಿಯಿಂದಲ್ಲ. ನಮ್ಮ ಅಡುಗೆಯೆಲ್ಲ ಕಣ್ಣಂದಾಜು. "ನಿಂಬೆಗಾತ್ರದ ಹುಣಸೆ" ಅಂದರೆ ಯಾವ ನಿಂಬೆ? ಇಲ್ಲಿನ ಮಾರುಕಟ್ಟೆಯಲ್ಲಿ ಗೋಲಿಯಷ್ಟು ಪುಟ್ಟ ನಿಂಬೆಯೂ ಇದೆ, ಮುಷ್ಟಿಯಷ್ಟು ದೊಡ್ಡದೂ ಇದೆ. ಅಳತೆಯ ಚಮಚ, ಲೋಟ ಕೊಂಡು ನಿಮ್ಮ ಕೈಅಳತೆಯನ್ನು ಒಮ್ಮೆ ಚಮಚಕ್ಕೆ ಇಳಿಸಿ ಬರೆಯಿರಿ. ನಾಲ್ಕು ಜನರ ಸಾರಿಗೆ: ತೊಗರಿಬೇಳೆ ಅರ್ಧ ಕಪ್, ಟೊಮೆಟೊ 2, ಹುಣಸೆರಸ 1 ದೊಡ್ಡ ಚಮಚ, ಸಾರಿನ ಪುಡಿ 2 ಟೀ ಚಮಚ, ಉಪ್ಪು ಒಂದೂವರೆ ಟೀ ಚಮಚ, ನೀರು 4 ಕಪ್. ಇಂಥ ಹತ್ತು ಚೀಟಿಗಳಿದ್ದರೆ ಎರಡು ವಾರದ ಅಡುಗೆ ಆಯಿತು. ಹತ್ತಕ್ಕಿಂತ ಹೆಚ್ಚು ಬೇಡ.

ಡಬ್ಬಿಗಳಿಗೆ ಹೆಸರು ಅಂಟಿಸುವುದರ ಜೊತೆಗೆ ಒಳಗಿನ ಪದಾರ್ಥದ ಎರಡು ಕಾಳನ್ನೂ ಟೇಪಿನಲ್ಲಿ ಅಂಟಿಸಿ. ರಾಗಿ ಮತ್ತು ಸಾಸಿವೆ ಹೊಸ ಕಣ್ಣಿಗೆ ಅಣ್ಣ ತಮ್ಮಂದಿರು. ಒಗ್ಗರಣೆಗೆ ರಾಗಿ ಬಿದ್ದರೆ ಅದು ಸಾಸಿವೆಯಂತೆ ಸಿಡಿಯುವುದಿಲ್ಲ, ಸಿಡಿಯಲಿ ಎಂದು ಕಾಯುತ್ತ ನಿಂತವಳ ಮುಂದೆ ಎಣ್ಣೆ ಹೊಗೆಯಾಡತೊಡಗುತ್ತದೆ. ಸಾರಿನ ಪುಡಿ, ಹುಳಿ ಪುಡಿ, ಖಾರದ ಪುಡಿ ಮೂರೂ ಕೆಂಪು. ಮುಚ್ಚಳದ ಬಣ್ಣ ಬೇರೆ ಮಾಡಿ.

ಕುಕ್ಕರನ್ನೇ ಕಂಡಿರದವರು ಬರುತ್ತಾರೆ. ಮೊದಲ ಕೂಗಿಗೆ ಅಡುಗೆಮನೆ ಬಿಟ್ಟು ಓಡಿದರೆ ನಗಬೇಡಿ, ಹೆದರಿಕೆ ಇರುವುದು ಒಳ್ಳೆಯದೇ. ಹೀಗೆ ಕಲಿಸಿ. ಮುಚ್ಚಳವನ್ನು ಬೆಳಕಿಗೆ ಹಿಡಿದು ವಿಷಲ್ ಕೂರುವ ಕೊಳವೆಯ ತೂತಿನಲ್ಲಿ ಬೆಳಕು ಕಾಣುತ್ತದಾ ನೋಡುವುದು ಮೊದಲ ಕೆಲಸ, ಪ್ರತಿ ಸಲವೂ. ಬೇಳೆಯಾದರೆ ಅರ್ಧಕ್ಕಿಂತ ಮೇಲೆ, ಉಳಿದದ್ದಾದರೆ ಮೂರರಲ್ಲಿ ಎರಡು ಭಾಗಕ್ಕಿಂತ ಮೇಲೆ ತುಂಬಬಾರದು. ಬೇಳೆ ನೊರೆ ಬಂದು ಸಿಪ್ಪೆಯನ್ನು ಕೊಳವೆಗೆ ಒಯ್ದು ಕಟ್ಟಿಸುತ್ತದೆ, ಅರ್ಧ ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಕೂಗು ಎಣಿಸಲು ಹೇಳಬೇಡಿ. ಉರಿ ದೊಡ್ಡದಿದ್ದರೆ ಐದು ನಿಮಿಷಕ್ಕೇ ಮೂರು ಕೂಗು ಮುಗಿಯುತ್ತದೆ, ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಮೊದಲ ಕೂಗಿನ ನಂತರ ಉರಿ ಸಣ್ಣ ಮಾಡಿ, ನೆನೆಸಿದ ಬೇಳೆಗೆ 8ರಿಂದ 10 ನಿಮಿಷ ಟೈಮರ್ ಇಡುವುದು ಕಲಿಸಿ. ಆರಿಸಿದ ಮೇಲೆ ತಾನಾಗಿ ಆರಬೇಕು. ಚಮಚದಿಂದ ವಿಷಲ್ ಸ್ವಲ್ಪ ಎತ್ತಿದಾಗ ಬುಸ್ ಎಂದರೆ ಇನ್ನೂ ಕಾಯಬೇಕು. ಹೊರಮುಚ್ಚಳದ ಕುಕ್ಕರನ್ನು ಬಲವಂತವಾಗಿ ತಿರುಗಿಸಿದರೆ ಬಿಸಿಬೇಳೆ ಮುಖಕ್ಕೇ ಹಾರುತ್ತದೆ. ಒಳಮುಚ್ಚಳದ್ದು ಒತ್ತಡವಿರುವಾಗ ತೆರೆಯುವುದೇ ಇಲ್ಲ, ಹೊಸಬರಿಗೆ ಅದೇ ಸರಿ.

ಒಗ್ಗರಣೆಯಲ್ಲಿ ಎರಡೇ ಎಚ್ಚರಿಕೆ: ಕರಿಬೇವಿನ ನೀರು ಒರೆಸಿ ಹಾಕುವುದು, ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯದೆ ಗ್ಯಾಸ್ ಆರಿಸಿ ತಟ್ಟೆ ಮುಚ್ಚುವುದು. ಎರಡನೆಯದನ್ನು ತಣ್ಣನೆಯ ಬಾಣಲೆಯಲ್ಲಿ ಅಭಿನಯ ಮಾಡಿಸಿಯೇ ಕಲಿಸಿ.

ಅವಳ ಊಟದ ವಿಷಯ ನಾವು ಮರೆಯುವುದು ಹೆಚ್ಚು. ಎಂಒಎಂ ಕೊಡುವ ಮಾದರಿ ಊಟದಲ್ಲಿ ಬೆಳಿಗ್ಗೆ ನಾಲ್ಕು ತುಂಡು ಬ್ರೆಡ್, ಮಧ್ಯಾಹ್ನ ಮತ್ತು ರಾತ್ರಿ ಅನ್ನ, ಮುಕ್ಕಾಲು ಕಪ್ ಬೇಯಿಸಿದ ತರಕಾರಿ, ಅಂಗೈಯಷ್ಟು ಮಾಂಸ ಅಥವಾ ಮೀನು, ಹಣ್ಣು ಇದೆ. ಸಸ್ಯಾಹಾರಿ ಮನೆಯಲ್ಲಿ ಎರಡು ಹೊತ್ತು ಅನ್ನ ಸಾರು ಕೊಟ್ಟರೆ ದಿನವಿಡೀ ನಿಂತು ದುಡಿಯುವವಳಿಗೆ ಸಾಲುವುದಿಲ್ಲ. ಮೊಟ್ಟೆಗೆ ಒಪ್ಪಿಗೆ ಇದ್ದರೆ ಬೇರೆ ಬಾಣಲೆ ಕೊಡಿ. ಅದೂ ಆಗದಿದ್ದರೆ ತೋಫು, ಟೆಂಪೆ ತಂದಿಡಿ. ಟೆಂಪೆ ಇಂಡೋನೇಷ್ಯಾದ್ದೇ, ಸೋಯಾ ಅವರೆಯಿಂದ ಮಾಡಿದ್ದು, ನಮ್ಮ ಅಡುಗೆಮನೆಗೂ ಅಡ್ಡಿಯಿಲ್ಲ. ಹೊರಗೆ ತಿನ್ನಲು ವಾರಕ್ಕಿಷ್ಟು ಎಂದು ದುಡ್ಡು ಕೊಡುವುದೂ ಒಳ್ಳೆಯ ದಾರಿ. ರಂಜಾನ್ ತಿಂಗಳಲ್ಲಿ ಭಾರದ ಕೆಲಸ ಬೆಳಗಿನ ಹೊತ್ತಿಗೆ ತಂದು, ಸಂಜೆ ಏಳರ ಸುಮಾರಿಗೆ ಅವಳಿಗೆ ಬಿಡುವು ಕೊಡಿ. ಆರು ತಿಂಗಳ ತಪಾಸಣೆಯಲ್ಲಿ ಡಾಕ್ಟರು ಅವಳ ತೂಕವನ್ನೂ ಮೈಮೇಲಿನ ಗಾಯವನ್ನೂ ಗಮನಿಸುತ್ತಾರೆ, ಊಟ ಕಡಿಮೆಯಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಮಡಿ, ಮುಸುರೆ ವಿಚಾರಕ್ಕೆ ಬಂದರೆ, ದೇವರ ಮನೆಯನ್ನು ನೀವೇ ನೋಡಿಕೊಳ್ಳಿ. ಮುಟ್ಟಿನ ದಿನಗಳನ್ನು ಕೇಳಬೇಡಿ, ಅದು ಅವಳ ಕೆಲಸದ ಒಪ್ಪಂದದಲ್ಲಿಲ್ಲ.

ಮಕ್ಕಳು

ಮಗು ಅವಳನ್ನು ಹೆಸರು ಹಿಡಿದು ಕೂಗಬಾರದು. ಆಂಟಿ ಅನ್ನಲಿ, ಇಂಡೋನೇಷ್ಯಾದವಳಾದರೆ ಇಲ್ಲಿನ ಮಕ್ಕಳಂತೆ "ಕಾಕಾಕ್" ಅನ್ನಲಿ, ಅಕ್ಕ ಎಂದರ್ಥ. ಶಾಲೆ ಬಿಟ್ಟ ಹೊತ್ತಿಗೆ ಯಾವ ಬ್ಲಾಕಿನ ಕೆಳಗೆ ನಿಂತರೂ ಒಂದು ನೋಟ ಕಾಣುತ್ತದೆ: ಮಗು ಕೈಬೀಸಿಕೊಂಡು ಮುಂದೆ, ಹೆಲ್ಪರ್ ಅದರ ಬ್ಯಾಗು, ನೀರಿನ ಬಾಟಲಿ, ಅರ್ಧ ತಿಂದ ಬಿಸ್ಕತ್ತು ಹೊತ್ತು ಹಿಂದೆ. ಅವಳ ಕೆಲಸದ ಪಟ್ಟಿಯಲ್ಲಿ ಇರಬಾರದ ಮೂರು ಬರೆದಿಡಿ: ಮಗುವಿನ ಸ್ಕೂಲ್ ಬ್ಯಾಗ್ ಹೊರುವುದು, ಉಂಡ ತಟ್ಟೆ ಸಿಂಕಿಗೆ ಒಯ್ಯುವುದು, ಆಟದ ಸಾಮಾನು ಎತ್ತಿಡುವುದು. ಮಗು ಅತ್ತರೂ ಅವಳು ಮಾಡಬಾರದು ಎಂದು ಮಗುವಿನ ಎದುರೇ ಹೇಳಿ. ಇಲ್ಲದಿದ್ದರೆ ಅವಳಿಗೆ ನಿರಾಕರಿಸುವ ಧೈರ್ಯ ಬರುವುದಿಲ್ಲ.

ದಿನದ ಹತ್ತು ಗಂಟೆ ಅವಳ ಜೊತೆ ಕಳೆಯುವ ಮಗುವಿನ ಬಾಯಲ್ಲಿ ಕನ್ನಡ ತೆಳುವಾಗುತ್ತದೆ. ರಾತ್ರಿ ಊಟ ಮಾಡಿಸುವುದು, ಮಲಗಿಸುವುದು ಎರಡನ್ನೂ ಅಪ್ಪ ಅಮ್ಮನೇ ಮಾಡಿದರೆ ಕನ್ನಡಕ್ಕೂ ಜಾಗ ಉಳಿಯುತ್ತದೆ, ಅವಳ ಕೆಲಸವೂ ಎಂಟಕ್ಕೆ ಮುಗಿಯುತ್ತದೆ.

ದುಡ್ಡು, ಫೋನು, ಭಾನುವಾರ

ಸಂಬಳದ ಅವಧಿ ಮುಗಿದ 7 ದಿನದೊಳಗೆ ಪೂರ್ತಿ ಸಂಬಳ ಕೊಡಬೇಕು. "ನಿನ್ನ ದುಡ್ಡು ನಾನೇ ಇಟ್ಟಿರ್ತೀನಿ, ಊರಿಗೆ ಹೋಗುವಾಗ ಒಟ್ಟಿಗೆ ತಗೋ" ಅನ್ನುವುದಕ್ಕೆ ನಿಯಮ ಅವಕಾಶ ಕೊಡುವುದಿಲ್ಲ. ಬ್ಯಾಂಕಿಗೆ ಹಾಕಿ ಎಂದು ಅವಳು ಕೇಳಿದರೆ ಹಾಕಲೇಬೇಕು. ನಗದು ಕೊಟ್ಟರೆ ತಾರೀಕು, ಮೊತ್ತ, ಸಾಲಕ್ಕೆ ಹಿಡಿದದ್ದು ಬರೆದು ಇಬ್ಬರೂ ಸಹಿ ಮಾಡಿ. ತರಕಾರಿ ದುಡ್ಡಿಗೆ ಬೇರೆ ಪರ್ಸ್, ಅದರೊಳಗೇ ರಸೀದಿ. ಒಡವೆ ಕಪಾಟಿನೊಳಗಿರಲಿ. ಏನೋ ಕಾಣೆಯಾದರೆ ಮೊದಲು ನಿಮ್ಮ ಕೈಚೀಲ, ಕೋಟಿನ ಜೇಬು, ವಾಷಿಂಗ್ ಮಷಿನ್ನಿನ ರಬ್ಬರ್ ಸಂದು ಹುಡುಕಿ, ಅವಳ ಕಡೆ ಬೆರಳು ತೋರಿಸುವುದು ಆಮೇಲೆ.

ಫೋನ್ ಕಿತ್ತುಕೊಂಡರೆ ಅವಳು ಇನ್ನೊಂದನ್ನು ಬಚ್ಚಿಟ್ಟುಕೊಳ್ಳುತ್ತಾಳೆ, ಅಷ್ಟೇ. ಮಗುವನ್ನು ಸ್ನಾನ ಮಾಡಿಸುವಾಗ, ರಸ್ತೆ ದಾಟುವಾಗ, ಒಲೆಯ ಮುಂದೆ ಇರುವಾಗ ಬೇಡ, ಉಳಿದ ಹೊತ್ತು ಅವಳ ವಿವೇಕಕ್ಕೆ ಬಿಡಿ.

ವಾರಕ್ಕೊಂದು ರಜೆ ಅವಳ ಹಕ್ಕು. ರಜೆಯ ದಿನ ಕೆಲಸ ಮಾಡಲು ಅವಳು ಒಪ್ಪಿದರೆ ಕನಿಷ್ಠ ಒಂದು ದಿನದ ಸಂಬಳ ಹೆಚ್ಚಿಗೆ ಕೊಡಬೇಕು, ಅಥವಾ ಅದೇ ತಿಂಗಳಲ್ಲಿ ಬದಲಿ ರಜೆ. ದಿನದ ಲೆಕ್ಕಕ್ಕೆ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 650 ಇದ್ದರೆ 25 ಡಾಲರ್. 2023ರ ಜನವರಿಯಿಂದ ತಿಂಗಳಿಗೆ ಒಂದು ರಜೆಯನ್ನಂತೂ ದುಡ್ಡು ಕೊಟ್ಟು ಕೊಳ್ಳುವ ಹಾಗಿಲ್ಲ, ಅವಳೇ ಬೇಡ ಎಂದರೂ ಕೊಡಬೇಕು. "ಹೋಗು, ಆದರೆ ತಿಂಡಿ ಮಾಡಿಟ್ಟು ಹೋಗು, ರಾತ್ರಿ ಅಡುಗೆಗೆ ಬಾ" ಅಂದರೆ ಅದು ರಜೆಯಲ್ಲ. ಭಾನುವಾರ ಪಾಯಾ ಲೇಬಾರ್‌ನ ಸಿಟಿ ಪ್ಲಾಜಾದಲ್ಲಿ ಇಂಡೋನೇಷ್ಯಾದವರು, ಆರ್ಚರ್ಡ್ ರಸ್ತೆಯ ಲಕ್ಕಿ ಪ್ಲಾಜಾದಲ್ಲಿ ಫಿಲಿಪ್ಪೀನ್ಸ್‌ನವರು, ಪೆನಿನ್ಸುಲಾ ಪ್ಲಾಜಾದಲ್ಲಿ ಮ್ಯಾನ್ಮಾರ್‌ನವರು ಸೇರುತ್ತಾರೆ. ಊರಿಗೆ ದುಡ್ಡು ಕಳಿಸುವುದು, ತಮ್ಮ ಊಟ ತಿನ್ನುವುದು, ತಮ್ಮ ಭಾಷೆಯಲ್ಲಿ ನಗುವುದು ಎಲ್ಲ ಅಲ್ಲಿಯೇ. ಅವಳು ಓಡಿಹೋದರೆ 5,000 ಬಾಂಡ್ ಹೋಯಿತು ಎಂಬ ಹೆದರಿಕೆಯಿಂದ ರಜೆ ತಪ್ಪಿಸುವವರಿದ್ದಾರೆ. ಅವಳು ನಾಪತ್ತೆಯಾದಾಗ ನೀವು ಹುಡುಕುವ ಪ್ರಯತ್ನ ಮಾಡಿ ಪೊಲೀಸರಿಗೆ ದೂರು ಕೊಟ್ಟಿದ್ದರೆ ಹೋಗುವುದು ಅರ್ಧ, ಅಂದರೆ 2,500 ಡಾಲರ್ ಮಾತ್ರ. ಷರತ್ತುಗಳನ್ನು ಅವಳಿಗೆ ತಿಳಿಸಿದ್ದು, ಮುರಿದದ್ದನ್ನು ಎಂಒಎಂಗೆ ವರದಿ ಮಾಡಿದರೆ ಅವಳು ತನ್ನ ಪರ್ಮಿಟ್ ಷರತ್ತು ಮುರಿದದ್ದಕ್ಕೂ ನಿಮ್ಮನ್ನು ಹೊಣೆ ಮಾಡುವುದಿಲ್ಲ. ನಿಮ್ಮ ಕರ್ತವ್ಯ ನೀವು ತಪ್ಪಿದರೆ ಅದು ಬೇರೆ ಮಾತು.

ಸರಿಹೋಗದಿದ್ದರೆ

ಮೊದಲ ಮೂರು ತಿಂಗಳಲ್ಲಿ ಏಜೆನ್ಸಿಯವರು ಒಮ್ಮೆಯಾದರೂ ವಿಚಾರಿಸಲೇಬೇಕು. ಆಗ ಅವಳನ್ನು ಒಂಟಿಯಾಗಿ ಮಾತಾಡಲು ಬಿಡಿ, ನೀವು ಬೇರೆ ಕೋಣೆಗೆ ಹೋಗಿ. ಅವಳ ಹತ್ತಿರ, ಹೆಲ್ಪರ್‌ಗಳ ನೆರವಿಗಿರುವ ಸಂಸ್ಥೆಯಾದ ಸೆಂಟರ್ ಫಾರ್ ಡೊಮೆಸ್ಟಿಕ್ ಎಂಪ್ಲಾಯೀಸ್‌ನ ಸಹಾಯವಾಣಿ ನಂಬರ್ ಇರಲಿ. ಅದನ್ನು ನೀವೇ ಕೊಟ್ಟರೆ ಮನೆಯ ವಾತಾವರಣವೇ ಹಗುರಾಗುತ್ತದೆ.

ಒಂದೇ ತಪ್ಪು ಮರುಕಳಿಸುತ್ತಿದ್ದರೆ ನೋಡಬೇಕಾದ್ದು ಮೂರು: ತೋರಿಸಿಕೊಟ್ಟಿದ್ದೀರಾ, ಹೊತ್ತು ಸಾಕಾಗುತ್ತದಾ, ರಾತ್ರಿ ಎಂಟು ಗಂಟೆ ನಿದ್ದೆ ಸಿಗುತ್ತಿದೆಯಾ. ಹಾಲೂಡುವ ಮಗುವಿನ ಜೊತೆ ಅವಳನ್ನೇ ಮಲಗಿಸಿ, ಬೆಳಿಗ್ಗೆ ಐದೂವರೆಗೆ ಎಬ್ಬಿಸಿದರೆ ಮೂರನೇ ವಾರಕ್ಕೆ ಪಾತ್ರೆ ಒಡೆಯತೊಡಗುತ್ತವೆ. ಅದು ಅಜಾಗರೂಕತೆಯಲ್ಲ, ನಿದ್ದೆಗೇಡು.

ಬೇರೆಯಾಗುವುದೇ ನಿಶ್ಚಯವಾದರೆ ಒಪ್ಪಂದದಲ್ಲಿರುವ ನೋಟಿಸ್ ಕೊಡಿ. ಇಲ್ಲೇ ಇನ್ನೊಂದು ಮನೆ ಹುಡುಕಲು ಟ್ರಾನ್ಸ್‌ಫರ್‌ಗೆ ಒಪ್ಪಿದರೆ ಅವಳ ಸಾಲದ ಹೊರೆ ಮತ್ತೆ ಮೊದಲಿನಿಂದ ಏರುವುದಿಲ್ಲ. ಊರಿಗೆ ಕಳಿಸುವುದಾದರೆ ಅವಳ ಊರಿಗೆ ಹತ್ತಿರವಿರುವ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದವರೆಗಿನ ಟಿಕೆಟ್, ಲಗೇಜು ಸೇರಿ, ನಿಮ್ಮದು. ಸುರಬಾಯಾ ಕಡೆಯವಳನ್ನು ಅಗ್ಗವೆಂದು ಜಕಾರ್ತಾದಲ್ಲಿ ಇಳಿಸಬೇಡಿ. ಬಾಕಿ ಸಂಬಳವನ್ನು ಅವಳು ಹೊರಡುವ ಮೊದಲೇ ಚುಕ್ತಾ ಮಾಡಿ ಸಹಿ ಪಡೆಯಿರಿ, ಪರ್ಮಿಟ್ ರದ್ದು ಮಾಡಿಸಿ. ರದ್ದಾಗುವವರೆಗೂ ಲೆವಿ ಓಡುತ್ತಿರುತ್ತದೆ. ಮಗುವಿಗೆ ಒಂದು ವಾರ ಮೊದಲೇ ತಿಳಿಸಿ, ಅವಳ ಚೀಲ ಕಟ್ಟುವಾಗ ಜೊತೆಗಿರಲು ಬಿಡಿ. ಶಾಲೆಯಿಂದ ಬರುವಷ್ಟರಲ್ಲಿ ಖಾಲಿಯಾದ ಹಾಸಿಗೆ ನೋಡುವುದು ಬೇಡ.